ಸೀರೆಯಂಚಿನ ಹೊಲಿಗೆ, ಸಂಸಾರಕ್ಕೆ ಆಸರೆ

ಹೊಸ ಸೀರೆ ಎಷ್ಟೇ ಬೆಲೆಬಾಳಲಿ, ಉಡುವ ಮೊದಲು ಒಮ್ಮೆ ಹೊಲಿಗೆ ಯಂತ್ರದ ಮುಂದೆ ಹೋಗಲೇಬೇಕು. ಮುಂಬಯಿ, ಠಾಣೆ, ಡೊಂಬಿವಲಿಯ ಗಲ್ಲಿಗಳಲ್ಲಿ 'ಪಿಕೊ-ಫಾಲ್', 'ಫಾಲ್-ಬೀಡಿಂಗ್' ಎಂಬ ಬೋರ್ಡುಗಳು ಸಾಮಾನ್ಯ. ಮನೆಗೆಲಸ ಮುಗಿಸಿ ಯಂತ್ರದ ಮುಂದೆ ಕೂರುವ ಗೃಹಿಣಿಯರಿಗೆ ಇದು ಮನೆ ಬಿಟ್ಟು ಹೋಗದೆ ನಾಲ್ಕು ಕಾಸು ಸಂಪಾದಿಸುವ ದಾರಿ.

ಪಿಕೊ ಯಂತ್ರದ ಸೂಜಿ ಎಡಕ್ಕೂ ಬಲಕ್ಕೂ ಓಡಾಡಿ ಬಟ್ಟೆಯ ಅಂಚನ್ನು ದಾರದಿಂದ ಒತ್ತಾಗಿ ಸುತ್ತುತ್ತದೆ. ಇದರಿಂದ ಸೆರಗಿನ ಎಳೆ ಬಿಚ್ಚುವುದಿಲ್ಲ. ಇದು ಕೆಲವೇ ನಿಮಿಷಗಳ ಕೆಲಸ. ಆದರೆ ಫಾಲ್ ಹಾಗಲ್ಲ. ಹತ್ತಿಯ ಪಟ್ಟಿಯನ್ನು ಮೊದಲೇ ನೀರಿನಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಬೇಕು. ಇಲ್ಲವಾದರೆ ಮೊದಲ ಒಗೆತಕ್ಕೇ ಅದು ಕುಗ್ಗಿ ಸೀರೆಯ ಅಂಚು ಮುದುಡುತ್ತದೆ. ಸೀರೆಯ ಬಣ್ಣಕ್ಕೆ ಹೊಂದುವ ದಾರ ಹುಡುಕಬೇಕು. ಹೊಲಿಗೆ ಹೊರಗೆ ಕಾಣದಂತೆ ಫಾಲ್‌ನ ಮೇಲಂಚನ್ನು ಕೈಯಲ್ಲೇ ಹೊಲಿಯಬೇಕು. ಗಿರಾಕಿಗಳು ಚೌಕಾಸಿ ಮಾಡುವಾಗ ಈ ಶ್ರಮ ಲೆಕ್ಕಕ್ಕೆ ಬರುವುದಿಲ್ಲ.

ಫಾಲ್-ಪಿಕೊ ಒಂದನ್ನೇ ನೆಚ್ಚಿಕೊಂಡರೆ ಆದಾಯ ಬೆಳೆಯುವುದು ಕಷ್ಟ. ಜತೆಗೆ ಪ್ಯಾಚ್‌ವರ್ಕ್ ಅಂದರೆ ಅಪ್ಲಿಕ್ ಕಲಿತರೆ ಕೈಗೆ ಹೆಚ್ಚು ಹಣ ಸೇರುತ್ತದೆ. ಝಿಗ್‌ಝಾಗ್ ಹೊಲಿಗೆಯ ಯಂತ್ರವಿದ್ದರೆ ಸಾಕು. ಹೂವು, ಮಾವಿನಕಾಯಿ, ನವಿಲಿನ ಆಕಾರಕ್ಕೆ ಬಟ್ಟೆ ಕತ್ತರಿಸಿ, ಬ್ಲೌಸ್ ಅಥವಾ ಸೆರಗಿನ ಮೇಲಿಟ್ಟು ಸುತ್ತಲೂ ಒಮ್ಮೆ ಸಾದಾ ಹೊಲಿಗೆ ಹಾಕಬೇಕು. ಹೊರಗುಳಿದ ಬಟ್ಟೆಯನ್ನು ಕತ್ತರಿಸಿ ತೆಗೆದು, ಅಂಚಿನ ಮೇಲೆ ಒತ್ತಾದ ಝಿಗ್‌ಝಾಗ್ ಹೊಲಿಯಬೇಕು. ಬಟ್ಟೆ ಸುಕ್ಕಾಗದಂತೆ ಅಡಿಗೆ ತೆಳು ಕಾಗದ ಇಡುವುದು ಒಳ್ಳೆಯದು. ತಿರುವಿನಲ್ಲಿ ಅವಸರ ಸಲ್ಲದು. ಸೂಜಿಯನ್ನು ಬಟ್ಟೆಯಲ್ಲೇ ಇಳಿಸಿ ನಿಲ್ಲಿಸಿ, ಪಾದ ಎತ್ತಿ ಬಟ್ಟೆ ತಿರುಗಿಸಿದರೆ ಅಂಚು ಅಂಕುಡೊಂಕಾಗದು. ಬೆಲೆಬಾಳುವ ಬಟ್ಟೆಗೆ ಕೈಹಾಕುವ ಮುನ್ನ ಚಿಂದಿಯ ಮೇಲೆ ಹೊಲಿದು ನೋಡಬೇಕು. ಲೇಸು, ದಾರಗಳಿಗೆ ಭುಲೇಶ್ವರದ ಅಂಗಡಿಗಳಿವೆ. ಬಟ್ಟೆಗೆ ಮಂಗಲದಾಸ್ ಮಾರ್ಕೆಟ್ ಇದೆ.

ಯಂತ್ರ ಕೊಳ್ಳಲು ಹಣವಿಲ್ಲವೆಂದು ಬಡ್ಡಿ ವ್ಯಾಪಾರಿಗಳ ಬಾಗಿಲು ತಟ್ಟಬೇಕಿಲ್ಲ. 2015ರಲ್ಲಿ ಆರಂಭವಾದ ಮುದ್ರಾ ಯೋಜನೆಯ 'ಶಿಶು' ವಿಭಾಗದಲ್ಲಿ 50,000 ರೂ.ವರೆಗೆ ಯಾವುದೇ ಅಡಮಾನವಿಲ್ಲದೆ ಬ್ಯಾಂಕ್ ಸಾಲಕ್ಕೆ ಅರ್ಜಿ ಹಾಕಬಹುದು. ಗುರುತಿನ ದಾಖಲೆಗಳೊಂದಿಗೆ ಯಂತ್ರದ ಕೊಟೇಶನ್ ಇಟ್ಟುಕೊಂಡು ಹೋದರೆ ಕೆಲಸ ಸುಗಮ. ದುಡಿಮೆಯ ಲೆಕ್ಕ ಬರೆದಿಡುವ ಅಭ್ಯಾಸವೂ ಇರಬೇಕು. ದಾರ, ಸೂಜಿ, ವಿದ್ಯುತ್, ರಿಪೇರಿ ಖರ್ಚು ಕಳೆದು ಉಳಿದದ್ದೇ ನಿಜವಾದ ಕೂಲಿ. ಅದನ್ನು ತಿಳಿಯದೆ ದರ ಹೇಳಿದರೆ ದುಡಿದೂ ನಷ್ಟ.

ನಮ್ಮ ಕನ್ನಡ ಸಂಘಗಳ ಮಹಿಳಾ ವಿಭಾಗಗಳು ಅರಸಿನ ಕುಂಕುಮದ ಜತೆಗೆ ವರ್ಷಕ್ಕೊಮ್ಮೆ ಇಂಥ ಹೊಲಿಗೆ ಶಿಬಿರವನ್ನೂ, ಸಾಲದ ಅರ್ಜಿ ತುಂಬಿಸುವ ನೆರವನ್ನೂ ಒದಗಿಸಿದರೆ ಹಲವು ಮನೆಗಳ ದೀಪ ಇನ್ನಷ್ಟು ಬೆಳಗೀತು.