ಮನೆಯಲ್ಲಿದ್ದರೂ 'ಇಲ್ಲ' ಎನ್ನುವ ಯಂತ್ರ: ಬ್ಲೂಟೂತ್ ಶೋಧ ಸರಿಪಡಿಸುವುದು ಹೇಗೆ?

ಅಜ್ಜಿ ಕೋಣೆಯಲ್ಲಿ ಕುಳಿತು ಪುಸ್ತಕ ಓದುತ್ತಿರುವಾಗಲೇ ದೀಪ ಆರುತ್ತದೆ, ಫ್ಯಾನ್ ನಿಲ್ಲುತ್ತದೆ. ಕರೆಂಟು ಹೋಗಿಲ್ಲ, 'ಕೋಣೆಯಲ್ಲಿ ಯಾರೂ ಇಲ್ಲ' ಎಂದು ಯಂತ್ರವೇ ತೀರ್ಮಾನಿಸಿದೆ. ಬ್ಲೂಟೂತ್ ಮೂಲಕ ಜನರ ಇರುವಿಕೆಯನ್ನು ಪತ್ತೆಹಚ್ಚುವ ಮನೆಗಳಲ್ಲಿ ಇಂತಹ ಎಡವಟ್ಟು ಅಪರೂಪವಲ್ಲ. ಅನೇಕ ವೇಳೆ ದೋಷವಿರುವುದು ಸಾಧನದಲ್ಲಲ್ಲ, ಅದರ ಶೋಧ ಸಮಯವನ್ನು ಹೊಂದಿಸಿದ ರೀತಿಯಲ್ಲಿ.

ಇದರ ಕಾರ್ಯವಿಧಾನ ಸರಳ. ಕೀಲಿಗೊಂಚಲಿಗೆ ಕಟ್ಟಿದ ಟ್ಯಾಗ್ ಅಥವಾ ಕೈಗಡಿಯಾರ ನಿಗದಿತ ಅವಧಿಗೊಮ್ಮೆ 'ನಾನಿದ್ದೇನೆ' ಎಂಬ ಕಿರು ಸಂಕೇತವನ್ನು ಹೊರಡಿಸುತ್ತದೆ. 2010ರಲ್ಲಿ ಬಂದ ಬ್ಲೂಟೂತ್ 4.0 ಆವೃತ್ತಿಯ 'ಲೋ ಎನರ್ಜಿ' ವಿಧಾನ ಇದಕ್ಕೆ ಆಧಾರ. ಗೋಡೆಯ ಮೇಲಿನ ಪುಟ್ಟ ಸಾಧನ ಆ ಸಂಕೇತಕ್ಕೆ ಕಿವಿಗೊಟ್ಟಿರುತ್ತದೆ. ಹವ್ಯಾಸಿಗಳು ಇದಕ್ಕಾಗಿ ಹೆಚ್ಚಾಗಿ ಇಎಸ್‌ಪಿ32 ಚಿಪ್ ಹಾಗೂ ಇಎಸ್‌ಪಿಹೋಮ್ ತಂತ್ರಾಂಶವನ್ನು ಬಳಸುತ್ತಾರೆ.

ಆಲಿಸುವ ಲೆಕ್ಕ: ಈ ಸಾಧನ ಸದಾಕಾಲ ಆಲಿಸುವುದಿಲ್ಲ. ಎಷ್ಟು ಸಮಯಕ್ಕೊಮ್ಮೆ ಆಲಿಸಬೇಕು ಎಂಬುದು 'ಇಂಟರ್ವಲ್'. ಪ್ರತಿ ಬಾರಿ ಎಷ್ಟು ಹೊತ್ತು ಆಲಿಸಬೇಕು ಎಂಬುದು 'ವಿಂಡೋ'. ಇಎಸ್‌ಪಿಹೋಮ್‌ನಲ್ಲಿ ಬಳಕೆದಾರ ಏನನ್ನೂ ಬದಲಿಸದಿದ್ದರೆ ಇವು ಕ್ರಮವಾಗಿ 320 ಹಾಗೂ 30 ಮಿಲಿಸೆಕೆಂಡ್. ಅಂದರೆ ಸಾಧನ ಆಲಿಸುವುದು ಒಟ್ಟು ಸಮಯದ ಶೇ. 9ರಷ್ಟು ಮಾತ್ರ.

ಟ್ಯಾಗ್ ಸೆಕೆಂಡಿಗೊಮ್ಮೆ ಸಂಕೇತ ಕಳುಹಿಸಿದರೆ, ಯಾವ ಅಡೆತಡೆಯೂ ಇಲ್ಲದಿದ್ದರೂ ಸರಾಸರಿ 11 ಸಂಕೇತಗಳಲ್ಲಿ ಒಂದಷ್ಟೇ ಸಾಧನಕ್ಕೆ ಕೇಳಿಸುತ್ತದೆ. 30 ಸೆಕೆಂಡ್ ಕಾಲ ಒಂದೂ ಕೇಳಿಸದಿರುವ ಸಾಧ್ಯತೆ ಸುಮಾರು ಶೇ. 5. ಆದ್ದರಿಂದ '30 ಸೆಕೆಂಡ್ ಮೌನವಿದ್ದರೆ ಯಾರೂ ಇಲ್ಲ' ಎಂದು ನಿಯಮ ಬರೆದರೆ ಅಜ್ಜಿಯ ಕೋಣೆಯ ದೀಪ ಆಗಾಗ ಆರುವುದು ನಿಶ್ಚಿತ. ಅದೇ ಅವಧಿಯನ್ನು ಎರಡು ನಿಮಿಷಕ್ಕೆ ಏರಿಸಿದರೆ ಈ ಸಾಧ್ಯತೆ ಲಕ್ಷಕ್ಕೆ ಒಂದಕ್ಕಿಂತ ಕಡಿಮೆಯಾಗುತ್ತದೆ.

ವಿಂಡೋ ಹಿಗ್ಗಿಸುವ ಮುನ್ನ: ವಿಂಡೋ ಹೆಚ್ಚಿಸಿದರೂ ಫಲ ಸಿಗುತ್ತದೆ, ಆದರೆ ಅದು ಇಂಟರ್ವಲ್ಲನ್ನು ಮೀರುವಂತಿಲ್ಲ. ಇಎಸ್‌ಪಿ32ರಲ್ಲಿ ವೈಫೈ ಹಾಗೂ ಬ್ಲೂಟೂತ್ ಒಂದೇ ರೇಡಿಯೊವನ್ನು ಹಂಚಿಕೊಳ್ಳುವುದರಿಂದ ಒಂದಕ್ಕೆ ಹೆಚ್ಚು ಸಮಯ ಕೊಟ್ಟರೆ ಇನ್ನೊಂದು ಸೊರಗುತ್ತದೆ. ಹಂತ ಹಂತವಾಗಿ ಹೆಚ್ಚಿಸುತ್ತ, ವೈಫೈ ಸಂಪರ್ಕ ಕಡಿಯತೊಡಗಿದಲ್ಲಿ ಒಂದು ಹೆಜ್ಜೆ ಹಿಂದೆ ಸರಿಯುವುದು ಸೂಕ್ತ. ಈಥರ್ನೆಟ್ ತಂತಿಯ ಸಂಪರ್ಕವಿದ್ದರೆ ಈ ತೊಡಕಿಲ್ಲ. 'ಆಕ್ಟಿವ್' ಶೋಧದಲ್ಲಿ ಸಾಧನವು ಟ್ಯಾಗನ್ನು ಮರುಪ್ರಶ್ನಿಸುವುದರಿಂದ ಟ್ಯಾಗಿನ ಬ್ಯಾಟರಿ ವ್ಯಯವಾಗುತ್ತದೆ. ಇರುವಿಕೆ ತಿಳಿಯಲು ಸಾಮಾನ್ಯವಾಗಿ 'ಪ್ಯಾಸಿವ್' ಶೋಧವೇ ಸಾಕು.

ದೂರದ ಭ್ರಮೆ: ಸಂಕೇತದ ಬಲದಿಂದ ದೂರ ಅಳೆಯುವುದು ಅಂದಾಜು ಮಾತ್ರ. ಒಂದು ಮೀಟರ್ ದೂರದಲ್ಲಿ ಮೈನಸ್ 59 ಡೆಸಿಬಲ್ ತೋರುವ ಟ್ಯಾಗ್ ಮೈನಸ್ 79 ತೋರಿದರೆ, ಬಯಲಿನಲ್ಲಿ ಅದು 10 ಮೀಟರ್ ದೂರವಿದೆ ಎಂದರ್ಥ. ಗೋಡೆ, ಪೀಠೋಪಕರಣಗಳಿರುವ ಮನೆಯಲ್ಲಿ ಅದೇ ಸಂಖ್ಯೆ ಐದು ಮೀಟರಿಗಿಂತ ಕಡಿಮೆ ದೂರವನ್ನೂ ಸೂಚಿಸಬಹುದು. ನೀರಿನಂಶವಿರುವ ಮಾನವ ದೇಹವೂ ಈ ತರಂಗಗಳನ್ನು ಹೀರುತ್ತದೆ. ಅಜ್ಜಿ ಮಗ್ಗುಲು ಬದಲಿಸಿದರೂ ಸಂಖ್ಯೆ ಬದಲಾದೀತು. ಒಂದೇ ಅಳತೆಯನ್ನು ನಂಬದೆ ಹಲವು ಅಳತೆಗಳ ಸರಾಸರಿ ಪಡೆಯಬೇಕು.

ಸ್ಮಾರ್ಟ್‌ಫೋನ್‌ಗಳದ್ದು ಬೇರೆಯೇ ಸಮಸ್ಯೆ. ಖಾಸಗಿತನದ ರಕ್ಷಣೆಗಾಗಿ ಅವು ತಮ್ಮ ಬ್ಲೂಟೂತ್ ವಿಳಾಸವನ್ನು ಸಾಮಾನ್ಯವಾಗಿ 15 ನಿಮಿಷಕ್ಕೊಮ್ಮೆ ಬದಲಿಸುತ್ತವೆ. ಗುರುತಿನ ಕೀಲಿಯನ್ನು ವ್ಯವಸ್ಥೆಗೆ ಮೊದಲೇ ನೀಡದಿದ್ದರೆ ಮನೆಯವರ ಫೋನೂ ಅಪರಿಚಿತವೇ. ಗುರುತು ಬದಲಾಗದ ಟ್ಯಾಗ್ ಬಳಸುವುದು ಸುಲಭದ ಮಾರ್ಗ.

'ಬಂದರು' ಎಂಬ ತೀರ್ಮಾನ ತಕ್ಷಣ, 'ಹೋದರು' ಎಂಬ ತೀರ್ಮಾನ ನಿಧಾನವಾಗಿ ಆಗಬೇಕು. ದೀಪ ಎರಡು ನಿಮಿಷ ವೃಥಾ ಉರಿದರೆ ನಷ್ಟ ಅತ್ಯಲ್ಪ. ಸ್ನಾನದ ಮನೆಯಲ್ಲಿ ವೃದ್ಧರೊಬ್ಬರು ಕತ್ತಲಲ್ಲಿ ಜಾರಿ ಬಿದ್ದರೆ ಆಗುವ ಹಾನಿ ಅಲ್ಪವಲ್ಲ.

ಕೊನೆಯದಾಗಿ, ಈ ವ್ಯವಸ್ಥೆ ಗುರುತಿಸುವುದು ವಸ್ತುವನ್ನೇ ಹೊರತು ವ್ಯಕ್ತಿಯನ್ನಲ್ಲ. ಟ್ಯಾಗ್ ಮೇಜಿನ ಮೇಲೇ ಉಳಿದರೆ ಸ್ನಾನದ ಮನೆಯಲ್ಲಿರುವ ಅಜ್ಜಿ ಅದರ ಲೆಕ್ಕಕ್ಕಿಲ್ಲ. ಆದ್ದರಿಂದ ಚಲನೆ ಗ್ರಹಿಸುವ ಸಂವೇದಕವನ್ನೂ ಜೊತೆಗೂಡಿಸುವುದು, ಬಾಗಿಲಿನ ಬೀಗವನ್ನು ಬ್ಲೂಟೂತ್ ಸಂಕೇತವೊಂದರ ಮೇಲೆಯೇ ಬಿಡದಿರುವುದು ಕ್ಷೇಮ. ಗೋಡೆಯ ಮೇಲಿನ ಹಳೆಯ ಸ್ವಿಚ್ಚು ಎಂದಿನಂತೆ ಅಜ್ಜಿಯ ಕೈಗೆಟಕುವಂತಿರಲಿ.