ಬೇರಿಂಗಿಗೊಂದು ವಿಳಾಸ

ಬೆಂಗಳೂರಿನಿಂದ ತುಮಕೂರಿನ ಕಡೆ ಹೊರಟರೆ ನೆಲಮಂಗಲ ದಾಟುತ್ತಿದ್ದಂತೆ ಹೆದ್ದಾರಿಯ ಅಕ್ಕಪಕ್ಕ ಬೂದು, ನೀಲಿ ತಗಡಿನ ಚಾವಣಿಗಳು ಶುರುವಾಗುತ್ತವೆ. ಹೊರಗೆ ನಿಂತು ನೋಡಿದರೆ ಯಾವುದರ ಹೊಟ್ಟೆಯಲ್ಲಿ ಏನಿದೆ ಎಂದು ತಿಳಿಯದು. ಒಂದರಲ್ಲಿ ಬಿಸ್ಕತ್ತು, ಇನ್ನೊಂದರಲ್ಲಿ ಫ್ರಿಜ್ಜು, ಮತ್ತೊಂದರಲ್ಲಿ ಮಕ್ಕಳ ಡಯಾಪರು. 2017ರ ಜುಲೈ 1ರಂದು ಜಿಎಸ್‌ಟಿ ಬರುವ ತನಕ ಒಂದು ರಾಜ್ಯದಿಂದ ಇನ್ನೊಂದಕ್ಕೆ ನೇರವಾಗಿ ಮಾಲು ಮಾರಿದರೆ ಕೇಂದ್ರ ಮಾರಾಟ ತೆರಿಗೆ ಕಟ್ಟಬೇಕಿತ್ತು. ಅದನ್ನು ತಪ್ಪಿಸಿಕೊಳ್ಳಲು ಕಂಪನಿಗಳು ರಾಜ್ಯಕ್ಕೊಂದರಂತೆ ಸಣ್ಣ ಸಣ್ಣ ಗೋದಾಮು ಇಟ್ಟುಕೊಂಡಿದ್ದವು. ಆ ತೆರಿಗೆ ಹೋದ ಮೇಲೆ ಹಲವು ಕಡೆ ಹಂಚಿದ್ದ ಸರಕು ಒಂದೇ ಸೂರಿನಡಿ ಬಂದು ಸೇರತೊಡಗಿತು. ಸೂರು ದೊಡ್ಡದಾಯಿತು, ಅದರ ಜೊತೆಗೆ ವಸ್ತು ಕಳೆದುಹೋಗುವುದಕ್ಕೆ ಇರುವ ಜಾಗವೂ ದೊಡ್ಡದಾಯಿತು.

ನಾನು ಹೊಕ್ಕದ್ದು ವಾಹನಗಳ ಬಿಡಿಭಾಗದ ಗೋದಾಮು. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯೊಂದು ಬೆಳೆದು, ಅಲ್ಲಿ ಕಾಲಿಡಲು ಜಾಗವಿಲ್ಲದೆ ಇಲ್ಲಿಗೆ ಬಂದದ್ದು. ಬಾಗಿಲಲ್ಲೇ ರಬ್ಬರು, ಗ್ರೀಸು, ಹೊಸ ರಟ್ಟು ಮೂರೂ ಬೆರೆತ ವಾಸನೆ. ಒಳಗೆ ಎರಡಾಳೆತ್ತರದ ಸ್ಲಾಟೆಡ್ ಆ್ಯಂಗಲ್ ರ‍್ಯಾಕುಗಳು ಸಾಲು ಹಿಡಿದು ನಿಂತಿವೆ. ಅವುಗಳ ಮೇಲೆ ಮುಂಬದಿ ತೆರೆದ ನೀಲಿ, ಹಳದಿ ಪ್ಲಾಸ್ಟಿಕ್ ಬಿನ್ನುಗಳು. ಸೈಲೆನ್ಸರುಗಳು ಕೊಕ್ಕೆಯಲ್ಲಿ ನೇತಾಡುತ್ತವೆ, ವಿಂಡ್‌ಶೀಲ್ಡ್ ಗಾಜುಗಳು ಮರದ ಚೌಕಟ್ಟಿನಲ್ಲಿ ನೆಟ್ಟಗೆ ನಿಂತಿವೆ, ಆಯಿಲ್ ಡ್ರಮ್ಮುಗಳು ನೆಲ ಬಿಟ್ಟು ಮೇಲೇರಿಲ್ಲ. ಬ್ರೇಕ್ ಡ್ರಮ್ಮು, ಡಿಸ್ಕು ಮೊದಲಾದ ಭಾರದವೆಲ್ಲ ತಳದಲ್ಲಿ. ಮೇಲಿಟ್ಟರೆ ಇಳಿಸುವವನ ಸೊಂಟ ಹೋಗುತ್ತದೆ, ಜಾರಿದರೆ ತಲೆಯೇ ಹೋಗುತ್ತದೆ.

"ಅಣ್ಣಾ, ಬಿ ಲೈನಾ, ಡಿ ಲೈನಾ?" ಎಲ್ಲೋ ಒಳಗಿನಿಂದ ಹುಡುಗನೊಬ್ಬನ ಕೂಗು.

"ಬಿ ಕಣೋ, ಬಾಂಬೆ ಬಿ! ಡೆಲ್ಲಿ ಡಿ ಅಲ್ಲ," ಎಂದು ಮೇಜಿನ ಹಿಂದಿನ ಸ್ಟೋರ್‌ಕೀಪರ್ ತಲೆಯೆತ್ತದೆ ಉತ್ತರಿಸಿದರು.

ಈ ಹಿರಿಯರದು ಹಳೆಯ ಅಂಗಡಿಯ ಕಾಲದ ನೌಕರಿ. ಅಲ್ಲಿ ಚೀಟಿ, ನಂಬರು ಯಾವುದೂ ಇರಲಿಲ್ಲ. ಇದ್ದದ್ದು ಇವರ ನೆನಪು ಮಾತ್ರ. "ಕ್ಲಚ್ ಕೇಬಲ್ ಅಂದ್ರೆ ಅಟ್ಟದ ಮೇಲೆ, ಗಣಪತಿ ಫೋಟೋಗೆ ಎಡಗಡೆ, ಎರಡನೇ ಚೀಲ. ಕರೆಂಟ್ ಹೋದ್ರೂ ತೆಗೀತಿದ್ದೆ ಸಾರ್," ಎಂದರು. ಸುಳ್ಳಿರಲಾರದು. ಆದರೆ ಅವರು ಮಗಳ ಮದುವೆಗೆಂದು ಊರಿಗೆ ಹೋದ ವಾರ ಅಂಗಡಿಯಲ್ಲಿ ಮಾಲಿದ್ದೂ ಗಿರಾಕಿಗಳಿಗೆ 'ನಾಳೆ ಬನ್ನಿ' ಎನ್ನಬೇಕಾಯಿತಂತೆ. ಇದನ್ನು ಹೇಳುವಾಗ ಅವರ ಮುಖದಲ್ಲಿ ಒಂದಿಷ್ಟು ಹೆಮ್ಮೆಯೂ ಇತ್ತು. ಮಾಲೀಕರಿಗೆ ಅದು ಹೆಮ್ಮೆಯಾಗಿ ಕಂಡಿರಲಿಕ್ಕಿಲ್ಲ. ಲಕ್ಷಾಂತರ ರೂಪಾಯಿಯ ಸರಕಿನ ಕೀಲಿಕೈ ಒಬ್ಬನ ತಲೆಯೊಳಗಿದೆ ಎಂದರೆ ಯಾವ ವ್ಯಾಪಾರಿಗೆ ನಿದ್ದೆ ಬಂದೀತು?

ಆ ಕೀಲಿಕೈಯನ್ನು ತಲೆಯಿಂದ ಇಳಿಸಿ ರ‍್ಯಾಕಿಗೆ ನೇತುಹಾಕುವ ಕೆಲಸವೇ ಲೇಬಲಿನದು. ಹತ್ತಿರ ಹೋಗಿ ಒಂದನ್ನು ನೋಡಿದೆ. ಅಂಗೈ ಉದ್ದದ ಹಳದಿ ಪಟ್ಟಿ, ಕಪ್ಪು ದಪ್ಪಕ್ಷರ: ಬಿ-07-ಸಿ-04. ಬಿ ಎಂಬುದು ಸಾಲು. 07 ಆ ಸಾಲಿನ ಏಳನೇ ರ‍್ಯಾಕು. ಸಿ ಎಂದರೆ ನೆಲದಿಂದ ಮೂರನೇ ಅಂತಸ್ತು. 04 ಆ ಅಂತಸ್ತಿನಲ್ಲಿ ಎಡದಿಂದ ನಾಲ್ಕನೇ ಬಿನ್ನು. ನಿನ್ನೆ ಕೆಲಸಕ್ಕೆ ಸೇರಿದವನೂ ಯಾರನ್ನೂ ಕೇಳದೆ ಹೋಗಿ ನಿಲ್ಲಬಹುದು. ಇಲ್ಲಿನ ಹುಡುಗರಲ್ಲಿ ಕೆಲವರು ಜಾರ್ಖಂಡಿನವರು, ಕೆಲವರು ಶಿರಾ ಕಡೆಯವರು. ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಧವಷ್ಟೇ ತಿಳಿಯುತ್ತದೆ. ಲೇಬಲಿನ ಮಾತು ಎಲ್ಲರಿಗೂ ಪೂರ್ತಿ ತಿಳಿಯುತ್ತದೆ.

ಅಷ್ಟು ಚಿಕ್ಕ ಪಟ್ಟಿಯ ಹಿಂದೆ ಎಷ್ಟೊಂದು ಯೋಚನೆ ಇದೆಯೆಂದರೆ, ನೋಡುತ್ತ ಹೋದಷ್ಟೂ ಬಿಚ್ಚಿಕೊಳ್ಳುತ್ತದೆ. ಬರಿ 7 ಎನ್ನದೆ 07 ಎಂದೇಕೆ? ಅಕ್ಷರ ಬೆರೆತ ಹೆಸರುಗಳನ್ನು ಕಂಪ್ಯೂಟರು ಜೋಡಿಸುವಾಗ 1ರ ಬೆನ್ನಿಗೆ 10, 11ನ್ನು ತಂದು ನಿಲ್ಲಿಸಿ 2ನ್ನು ಆಮೇಲೆ ಕರೆಯುತ್ತದೆ. ಮುಂದೊಂದು ಸೊನ್ನೆಯಿದ್ದರೆ ಸರದಿ ತಪ್ಪುವುದಿಲ್ಲ. ಸಾಲುಗಳ ಹೆಸರಿನಲ್ಲಿ ಇಂಗ್ಲಿಷಿನ ಐ, ಓ ಅಕ್ಷರಗಳೇ ಇಲ್ಲ. ಐ ಒಂದರಂತೆ, ಓ ಸೊನ್ನೆಯಂತೆ ಕಾಣುತ್ತವೆಂದು ಎಚ್ ಮುಗಿದ ಕೂಡಲೇ ಜೆಗೆ ಹಾರಿದ್ದಾರೆ. ಬೆಸ ಸಂಖ್ಯೆಯ ರ‍್ಯಾಕುಗಳು ಎಡಕ್ಕೆ, ಸಮಸಂಖ್ಯೆಯವು ಬಲಕ್ಕೆ. ತಳ್ಳುಗಾಡಿ ಹಿಡಿದವನು ಎರಡೂ ಕಡೆ ಕೈಚಾಚಿ ತೆಗೆಯುತ್ತ ಒಂದೇ ಸಲ ಸಾಲನ್ನು ಮುಗಿಸಿ, ಪಕ್ಕದ ಸಾಲಿನ ಆ ತುದಿಯಿಂದ ಹಿಂತಿರುಗುತ್ತಾನೆ. ಅಂತಸ್ತನ್ನು ಕೆಳಗಿನಿಂದಲೇ ಎಣಿಸುತ್ತಾರೆ, ಏಕೆಂದರೆ ಮುಂದೆಂದಾದರೂ ರ‍್ಯಾಕಿನ ಮೇಲೆ ಇನ್ನೊಂದು ಹಲಗೆ ಕೂರಿಸಿದರೆ ಹಳೆಯ ಹೆಸರುಗಳನ್ನು ಬದಲಿಸಬೇಕಿಲ್ಲ. ಇನ್ನೊಂದು ಚಿಕ್ಕ ವಿಷಯ, ಬಾಣದ ಗುರುತು. ಅಡ್ಡಪಟ್ಟಿಗೆ ಅಂಟಿಸಿದ ಲೇಬಲು ಮೇಲಿನ ಬಿನ್ನಿನದೋ ಕೆಳಗಿನದೋ? ಬಾಣವಿಲ್ಲದ ಗೋದಾಮಿನಲ್ಲಿ ಈ ಅನುಮಾನಕ್ಕೆ ದಿನವೂ ಒಂದೆರಡು ತಪ್ಪು ಪಾರ್ಸೆಲ್ ಬಲಿ.

ಇಷ್ಟಾದ ಮೇಲೂ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರಿಂಗುಗಳ ಬಿನ್ನು. 6204 ನಂಬರಿನ ಬೇರಿಂಗಿನ ಹೊರವ್ಯಾಸ 47 ಮಿಲಿಮೀಟರ್, ದಪ್ಪ 14. 6303ರದೂ ಅದೇ 47, ಅದೇ 14. ವ್ಯತ್ಯಾಸ ನಡುವಿನ ತೂತಿನಲ್ಲಿ ಮಾತ್ರ: ಒಂದಕ್ಕೆ 20, ಇನ್ನೊಂದಕ್ಕೆ 17. ಪೊಟ್ಟಣದಲ್ಲಿ ಸುತ್ತಿಟ್ಟರೆ ಅವಳಿಗಳನ್ನು ಹೆತ್ತವರೂ ಗುರುತಿಸಲಾರರು. ಅಂಗಡಿಯವನ ಬುದ್ಧಿಗೆ ಬೇರಿಂಗುಗಳೆಲ್ಲ ಒಂದೇ ಕಡೆ ಇರಬೇಕು, ನಂಬರಿನ ಪ್ರಕಾರ ಸಾಲಾಗಿ. ಗೋದಾಮಿನ ಬುದ್ಧಿ ಇದಕ್ಕೆ ತಿರುವುಮುರುವು. ಒಂದರಂತೆ ಒಂದು ಕಾಣುವವನ್ನು ಎಂದೂ ಅಕ್ಕಪಕ್ಕ ಇಡಬೇಡ, 6204 ಇಲ್ಲಿದ್ದರೆ 6303ನ್ನು ಇನ್ನೊಂದು ರ‍್ಯಾಕಿಗೆ ಕಳಿಸು. ಬಿ-07-ಸಿ-04ರಲ್ಲಿ ಬೇರಿಂಗು, ಅದರ ಪಕ್ಕದ ಬಿನ್ನಿನಲ್ಲಿ ಸ್ಪಾರ್ಕ್ ಪ್ಲಗ್ಗು, ಅದರಾಚೆ ಇಂಡಿಕೇಟರ್ ಬಲ್ಬು. ಹೊಸಬರಿಗೆ ಇದು ಅಸ್ತವ್ಯಸ್ತ. ಆದರೆ ಅರ್ಧ ನಿದ್ದೆಗಣ್ಣಿನಲ್ಲಿ ಕೈಹಾಕಿದರೂ ಬಲ್ಬು ತೆಗೆಯಹೋಗಿ ಬೇರಿಂಗು ತೆಗೆದರೆ ಅಂಗೈಗೇ ಗೊತ್ತಾಗುತ್ತದೆ. 6303ರ ಬದಲು 6204 ಬಂದರೆ ಗೊತ್ತಾಗುವುದು ಹಾಸನದಲ್ಲೋ ದಾವಣಗೆರೆಯಲ್ಲೋ, ಚಕ್ರ ಬಿಚ್ಚಿಕೊಂಡು ಕೂತ ಮೆಕ್ಯಾನಿಕ್ಕಿಗೆ.

ಬಿನ್ನಿನ ಮೇಲೆ ವಸ್ತುವಿನ ಹೆಸರು ಬರೆಯಬಾರದು ಎಂಬುದು ಇದರ ಮುಂದಿನ ಮಾತು. ಹೆಸರು ಬರೆದರೆ ಆ ಮಾಲು ಮುಗಿದ ದಿನ ಜಾಗ ಖಾಲಿ ಬಿದ್ದಿದ್ದರೂ ಇನ್ನೊಂದನ್ನು ಇಡಲು ಯಾರಿಗೂ ಮನಸ್ಸು ಬರುವುದಿಲ್ಲ. ಬಿನ್ನಿಗೆ ವಿಳಾಸವಷ್ಟೇ ಇರಲಿ. ಇಂದು ಅಲ್ಲಿ ಯಾರ ವಾಸ ಎಂಬುದನ್ನು ಕಂಪ್ಯೂಟರು ನೆನಪಿಡಲಿ. ನಮ್ಮ ಸ್ಟೋರ್‌ಕೀಪರಿಗೆ ಮಾತ್ರ ಇದು ಇನ್ನೂ ಒಗ್ಗಿಲ್ಲ. ಅಲ್ಲಲ್ಲಿ ಬಿನ್ನಿನ ಅಂಚಿಗೆ ಮಾರ್ಕರಿನಲ್ಲಿ 'ಆ.ಸೀಲ್', 'ಫ್ಯಾ.ಬೆಲ್ಟ್' ಎಂದು ಕನ್ನಡದಲ್ಲಿ ಗೀಚಿಟ್ಟಿದ್ದಾರೆ. ಅದರಲ್ಲಿ ಕೆಲವು ಬಿನ್ನಿನಲ್ಲಿ ಈಗ ಬೇರೆಯೇ ಮಾಲಿದೆ.

ಯಾವ ಮಾಲಿಗೆ ಯಾವ ಜಾಗ ಎಂಬುದು ಮಾತ್ರ ಚೀಟಿ ಎತ್ತಿ ಆಗುವುದಿಲ್ಲ. ಸರಕನ್ನು ಮಹತ್ವ ನೋಡಿ ಎ, ಬಿ, ಸಿ ಎಂದು ಮೂರು ಪಾಲು ಮಾಡುವ ಪದ್ಧತಿ 1950ರ ದಶಕದಿಂದ ಗೋದಾಮುಗಳಲ್ಲಿ ರೂಢಿ. ದಿನವೂ ಓಡುವ ಆಯಿಲ್ ಫಿಲ್ಟರು, ಬ್ರೇಕ್ ಶೂ ಡಿಸ್ಪ್ಯಾಚ್ ಬಾಗಿಲ ಹತ್ತಿರ, ಸೊಂಟಕ್ಕೂ ಭುಜಕ್ಕೂ ನಡುವಿನ ಎತ್ತರದಲ್ಲಿ, ಬಗ್ಗುವ, ಏಣಿ ಹತ್ತುವ ತಾಪತ್ರಯವಿಲ್ಲದ ಜಾಗದಲ್ಲಿ. ಮೇ ತಿಂಗಳಲ್ಲಿ ವೈಪರ್ ಬ್ಲೇಡುಗಳಿಗೂ ಆ ಗೌರವ ಸಿಗುತ್ತದೆ, ಮಳೆಗಾಲ ಮುಗಿದ ಮೇಲೆ ಮತ್ತೆ ಮೇಲಟ್ಟಕ್ಕೆ. ತಯಾರಿಕೆಯೇ ನಿಂತುಹೋದ ಸ್ಕೂಟರುಗಳ ಬಿಡಿಭಾಗಗಳು ಹಿಂಗೋಡೆಯ ತುತ್ತತುದಿಯಲ್ಲಿ ಧೂಳು ಹಿಡಿಸಿಕೊಂಡು ಕೂತಿವೆ. ವರ್ಷಕ್ಕೊಬ್ಬ ಗಿರಾಕಿ ಬಂದು ಕಣ್ಣರಳಿಸಿ ಒಂದನ್ನು ಒಯ್ಯುತ್ತಾನಂತೆ.

ಲೇಬಲಿನ ಬಲಬದಿಯಲ್ಲಿ ಒಂದು ಚೌಕ ಕ್ಯೂಆರ್ ಕೋಡ್. ಬೀಡಾ ಅಂಗಡಿಯಲ್ಲೂ ಹಣ ಕೊಡಲು ಇದನ್ನೇ ಸ್ಕ್ಯಾನ್ ಮಾಡುವ ನಮಗೆ ಇದರ ಹುಟ್ಟೂರು ಕಾರ್ಖಾನೆಯೆಂಬುದು ಮರೆತಿದೆ. 1994ರಲ್ಲಿ ಜಪಾನಿನ ಡೆನ್ಸೊ ಕಂಪನಿಯಲ್ಲಿ ಮಸಾಹಿರೊ ಹಾರಾ ಮತ್ತು ಸಂಗಡಿಗರು ಇದನ್ನು ರೂಪಿಸಿದ್ದು ಕಾರಿನ ಬಿಡಿಭಾಗಗಳ ಲೆಕ್ಕಕ್ಕಾಗಿಯೇ. ಉದ್ದಗೆರೆಯ ಬಾರ್‌ಕೋಡಿನಲ್ಲಿ ಹಿಡಿಸುವಷ್ಟು ಮಾಹಿತಿ ಅವರಿಗೆ ಸಾಲದಾಗಿತ್ತು. ಕೋಡಿನ ಒಂದು ಪಾಲು ಮಾಸಿದರೂ ಉಳಿದ ಭಾಗದಿಂದ ಓದಿಕೊಳ್ಳುವ ಯುಕ್ತಿಯನ್ನೂ ಅದರಲ್ಲಿ ಇಟ್ಟರು, ಕಾರ್ಖಾನೆಯ ಎಣ್ಣೆ, ಜಿಡ್ಡು ಅವರಿಗೆ ಗೊತ್ತಿತ್ತು. ಆಯುಧಪೂಜೆ ಗೊತ್ತಿರಲಿಲ್ಲ. ಪೂಜೆಯ ದಿನ ಪ್ರತಿ ರ‍್ಯಾಕಿಗೂ ಅರಿಸಿನ ಕುಂಕುಮ ಬೀಳುತ್ತದೆ, ಭಕ್ತಿ ಹೆಚ್ಚಾದ ಹುಡುಗ ಚೌಕದ ನಟ್ಟನಡುವೆಯೇ ಬೊಟ್ಟಿಡುತ್ತಾನೆ. ಮಾರನೆಯ ದಿನ ಒದ್ದೆ ಬಟ್ಟೆ ಹಿಡಿದು ಒರೆಸುವ ಕೆಲಸವೂ ಅವನದೇ.

ಲೇಬಲು ಎಷ್ಟೇ ಚೆನ್ನಾಗಿರಲಿ, ಇಡುವ ಕೈ ಸರಿಯಿಲ್ಲದಿದ್ದರೆ ಅದು ಗೋಡೆಯ ಅಲಂಕಾರ. ಎಲ್ಲರ ಕಣ್ಣು ಮಾಲು ತೆಗೆಯುವವನ ಮೇಲೆ. ಆದರೆ ತಪ್ಪುಗಳ ಮೂಲ ಹುಡುಕಿಕೊಂಡು ಹೋದರೆ ಹೆಚ್ಚಿನವು ಇಟ್ಟವನ ಬಳಿಯೇ ನಿಲ್ಲುತ್ತವೆ ಎಂದು ನನಗನ್ನಿಸಿತು. ಸಂಜೆ ಪುಣೆಯ ಲಾರಿ ಬಂದು ನಿಂತಾಗ ಇದು ಕಣ್ಣಾರೆ ಕಂಡಿತು. ಮೊದಲ ಪೆಟ್ಟಿಗೆಗಳಿಗೆ ಹುಡುಗ ಮಾಲಿನ ಕೋಡ್ ಸ್ಕ್ಯಾನ್ ಮಾಡಿ, ಬಿನ್ನಿನ ಬಳಿ ನಡೆದು, ಅದನ್ನೂ ಸ್ಕ್ಯಾನ್ ಮಾಡಿ ಇಟ್ಟ. ಕತ್ತಲಾಗುತ್ತ ಬಂದಂತೆ, ಊರಿನ ಬಸ್ಸಿನ ಹೊತ್ತು ಹತ್ತಿರವಾದಂತೆ, ಹತ್ತಿರ ಕಂಡ ಖಾಲಿ ಬಿನ್ನಿಗೆ ಕೈ ತಾನಾಗಿ ಹೋಗತೊಡಗಿತು.

"ಎಲ್ಲಿಟ್ಟೆ ಮಗಾ?" ಮೇಜಿನಿಂದಲೇ ಪ್ರಶ್ನೆ.

"ಅಲ್ಲೇ ಅಣ್ಣಾ, ಪಕ್ಕದಲ್ಲೇ. ಬೆಳಿಗ್ಗೆ ಬದಲಾಯಿಸ್ತೀನಿ."

"ಬೆಳಿಗ್ಗೆ ನಿಂಗೆ ನೆನಪಿರಲ್ಲ, ಮಾಲಿಗೆ ಬಾಯಿಲ್ಲ. ಈಗಲೇ ಇಡು."

ಹುಡುಗ ಗೊಣಗುತ್ತ ಪೆಟ್ಟಿಗೆ ಎತ್ತಿಕೊಂಡು ಬಿ ಸಾಲಿಗೆ ನಡೆದ. ನೆನಪಿನ ಮೇಲೆ ಬದುಕಿದ ಮನುಷ್ಯನೇ ನೆನಪನ್ನು ಇಷ್ಟು ಕಡಿಮೆ ನಂಬುವುದು ಸೋಜಿಗವೇ.

ಹಿಂದೆಲ್ಲ ಮಾರ್ಚ್ ಕೊನೆಗೆ ಷಟರ್ ಎಳೆದು, ಎಲ್ಲರನ್ನೂ ಕೂಡಿಹಾಕಿ ವರ್ಷದ ಸ್ಟಾಕ್ ಎಣಿಸುತ್ತಿದ್ದರು. ಈಗ ದಿನಕ್ಕೆ ಕೆಲವೇ ಬಿನ್ನುಗಳ ಎಣಿಕೆ. ಮೊದಲು ನೋಡುವುದು ಕಂಪ್ಯೂಟರು 'ಖಾಲಿ' ಎನ್ನುವ ಬಿನ್ನುಗಳನ್ನು. ಖಾಲಿಯನ್ನು ಎಣಿಸುವುದಕ್ಕೆ ಹೊತ್ತು ಬೇಡ, ಆದರೆ ದಾರಿತಪ್ಪಿದ ಮಾಲು ಬಚ್ಚಿಟ್ಟುಕೊಳ್ಳುವುದು ಅಲ್ಲಿಯೇ. ಒಂದೆಡೆ ಕಾಣೆಯಾದದ್ದು ಸಿಗುವ ತನಕ ಲೆಕ್ಕದಿಂದ ಹೊಡೆದುಹಾಕುವಂತಿಲ್ಲ, ಇದೆ ಎಂದೂ ಹೇಳುವಂತಿಲ್ಲ. ಅದಕ್ಕಾಗಿ ಸಾಫ್ಟ್‌ವೇರಿನಲ್ಲಿ ಒಂದು ಜಾಗ ಸೃಷ್ಟಿಸಿದ್ದಾರೆ. ಅದಕ್ಕೆ ರ‍್ಯಾಕಿಲ್ಲ, ಅಂತಸ್ತಿಲ್ಲ, ಗೋದಾಮಿನಲ್ಲಿ ಎಲ್ಲಿ ಹುಡುಕಿದರೂ ಅದರ ಲೇಬಲು ಕಾಣದು, ಹೆಸರು 'ಲಾಸ್ಟ್'. ಆ ದಿನ ಅಲ್ಲಿ ಎರಡು ಕ್ಲಚ್ ಪ್ಲೇಟು, ಒಂದು ಹಾರ್ನು ಮತ್ತು ಒಂದು ಡಬ್ಬಿ 6303 ಇದ್ದವು. ಬೇರಿಂಗಿನ ಡಬ್ಬಿ ಎಲ್ಲಿರಬಹುದೆಂದು ಕೇಳಿದೆ. ಸ್ಟೋರ್‌ಕೀಪರ್ ಪೆನ್ನು ಕೆಳಗಿಟ್ಟು, ಕಂಪ್ಯೂಟರಿನ ಕಡೆ ನೋಡದೆ, "6204ರ ಬಿನ್ ನೋಡು ಹೋಗೋ," ಎಂದು ಹುಡುಗನನ್ನು ಅಟ್ಟಿದರು.