ಕಣಗಳ ಸುಗ್ಗಿಗೆ ಮುಯ್ಯಾಳು

ಹುಣಸೂರು, ಪಿರಿಯಾಪಟ್ಟಣಗಳ ಕಡೆ ರಾಗಿಯ ಹೊಲ ಕೊಯ್ಲಿಗೆ ಬಂದಾಗ ಮನೆಯ ಆಳುಗಳು ಸಾಲದಿದ್ದರೆ ನೆರೆಹೊರೆಯವರು ಕುಡುಗೋಲು ಹಿಡಿದು ಬರುವುದುಂಟು. ಇಂದು ಇವರ ಹೊಲ, ನಾಳೆ ಅವರ ಹೊಲ. ಇದೇ ಮುಯ್ಯಾಳು. ಜಗತ್ತಿನ ಅತಿ ದೊಡ್ಡ ವಿಜ್ಞಾನ ಪ್ರಯೋಗವೊಂದು ಇಂಥದೇ ಏರ್ಪಾಟನ್ನು ನೆಚ್ಚಿಕೊಂಡಿದೆಯೆಂದರೆ ವಾಚಕರಿಗೆ ಅಚ್ಚರಿಯಾದೀತು.

ಕಣವಿಜ್ಞಾನವೇನೋ ಕನ್ನಡ ನಾಡಿಗೆ ಹೊಸದಲ್ಲ. 1965ರಲ್ಲಿ ಕೋಲಾರದ ಚಿನ್ನದ ಗಣಿಯಲ್ಲಿ, ಎರಡು ಕಿಲೋಮೀಟರಿಗೂ ಮಿಕ್ಕ ಆಳದಲ್ಲಿ, ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನ್ ಮತ್ತು ಇಂಗ್ಲೆಂಡಿನ ವಿಜ್ಞಾನಿಗಳೊಡಗೂಡಿ ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೋ ಕಣದ ಸುಳಿವನ್ನು ಹಿಡಿದರು. ದೊರೆತ ಘಟನೆಗಳು ಬೆರಳೆಣಿಕೆಯವು. ಮಿನುಗಿದ ನಿಯಾನ್ ಕೊಳವೆಗಳ ಛಾಯಾಚಿತ್ರಗಳನ್ನು ಕೆಲವರು ಕುಳಿತು ಪರಿಶೀಲಿಸಿದರೆ ಕೆಲಸ ಸಾಗುತ್ತಿತ್ತು.

ಜಿನೀವಾ ಬಳಿಯ ಸರ್ನ್ ಸಂಸ್ಥೆಯ ಕಥೆಯೇ ಬೇರೆ. ಅಲ್ಲಿನ 27 ಕಿಲೋಮೀಟರ್ ಸುತ್ತಳತೆಯ ಯಂತ್ರವನ್ನು ಸೆಕೆಂಡಿಗೆ ನಾಲ್ಕು ಕೋಟಿ ಬಾರಿ ಪ್ರೋಟಾನುಗಳ ಗೊಂಚಲುಗಳು ಎದುರುಬದುರು ಹಾಯುವಂತೆ ರಚಿಸಲಾಗಿದೆ. ಬಹುಪಾಲನ್ನು ಹೊಟ್ಟಿನಂತೆ ಅಲ್ಲಿಯೇ ತೂರಿಬಿಟ್ಟರೂ ಉಳಿದ ಕಾಳು ಒಂದು ಕಣಜಕ್ಕೆ ಹಿಡಿಸದು. ಆದುದರಿಂದಲೇ ಯಂತ್ರ ಸಿದ್ಧವಾಗುವ ಮುನ್ನವೇ, 2001ರಲ್ಲಿ, ದೇಶದೇಶಗಳ ಗಣಕಯಂತ್ರಗಳನ್ನು ಹೆಣೆದು 'ಗ್ರಿಡ್' ಕಟ್ಟುವ ಯೋಜನೆಗೆ ಸರ್ನ್ ಆಡಳಿತ ಮಂಡಳಿ ಒಪ್ಪಿಗೆಯಿತ್ತಿತು. ಇಂದು ನಲವತ್ತಕ್ಕೂ ಹೆಚ್ಚು ದೇಶಗಳ ಸುಮಾರು 170 ಕೇಂದ್ರಗಳು ಅದರಲ್ಲಿವೆ. ಸರ್ನ್‌ನ ಸ್ವಂತ ಪಾಲು ಐದರಲ್ಲೊಂದರಷ್ಟು ಮಾತ್ರ!

ಇದು ಸಾಧ್ಯವಾದುದೇಕೆ? ಒಂದು ಡಿಕ್ಕಿಯ ಲೆಕ್ಕಕ್ಕೆ ಮತ್ತೊಂದರ ಹಂಗಿಲ್ಲ. ರಾಗಿಯ ಸಾಲುಗಳನ್ನು ಒಬ್ಬೊಬ್ಬರು ಹಿಡಿದು ಕೊಯ್ಯುವಂತೆ, ಕೋಟ್ಯಂತರ ಘಟನೆಗಳನ್ನು ಸಾವಿರಾರು ಯಂತ್ರಗಳಿಗೆ ಹಂಚಬಹುದು. ರಾಶಿಯನ್ನು ಹೊತ್ತು ತಿರುಗುವ ಬದಲು, ರಾಶಿಯಿರುವ ಕಡೆಗೆ ಲೆಕ್ಕದ ಸೂತ್ರವನ್ನೇ ಕಳುಹಿಸುವುದು ಸಾಮಾನ್ಯ ಪದ್ಧತಿ. ಮುಖ್ಯ ದಾಖಲೆಗಳ ನಕಲು ಬೇರೆ ದೇಶಗಳಲ್ಲೂ ಇರುವುದರಿಂದ ಒಂದೆಡೆ ಅನಾಹುತವಾದರೂ ಬೆಳೆ ಉಳಿಯುತ್ತದೆ.

ಭಾರತದ ಪಾಲಿಗೆ ಇದರಲ್ಲಿ ಮಾನದ ಪ್ರಶ್ನೆಯೂ ಇದೆ. ದತ್ತಾಂಶವೆಲ್ಲ ಜಿನೀವಾದಲ್ಲೇ ಬೀಡುಬಿಟ್ಟಿದ್ದರೆ ನಮ್ಮ ವಿದ್ಯಾರ್ಥಿ ವಿಮಾನದ ಖರ್ಚಿಗೆ ಕೈಚಾಚಬೇಕಿತ್ತು. ಇಲ್ಲವೇ ಪರರು ಬರೆದುದನ್ನು ಓದಿ ತಣಿಯಬೇಕಿತ್ತು. ಈಗ ಪ್ರಯೋಗದ ಸದಸ್ಯನಾದವನು ತನ್ನ ಊರಿನ ಮೇಜಿನ ಮುಂದೆ ಕುಳಿತೇ ಅದೇ ರಾಶಿಯನ್ನು ಅಳೆಯಬಲ್ಲ. ಕೋಲಾರದ ಗಣಿಗಿಳಿದಿದ್ದ ಅದೇ ಟಾಟಾ ಸಂಸ್ಥೆ ಮುಂಬಯಿಯಲ್ಲೂ, ವೇರಿಯಬಲ್ ಎನರ್ಜಿ ಸೈಕ್ಲೋಟ್ರಾನ್ ಕೇಂದ್ರ ಕೋಲ್ಕತ್ತದಲ್ಲೂ ಗ್ರಿಡ್ಡಿನ ಕಣಜಗಳನ್ನು ತೆರೆದವು. ಎಲ್ಲಿ ಕೆಲಸ ಸಾಗಿದೆ, ಎಲ್ಲಿ ನಿಂತಿದೆಯೆಂದು ಮೇಸ್ತ್ರಿಯಂತೆ ಗಮನಿಸುವ 'ಗ್ರಿಡ್‌ವ್ಯೂ' ಎಂಬ ಸಾಧನವನ್ನು ಸರ್ನ್‌ನೊಡನೆ ಸೇರಿ ರೂಪಿಸಿದವರು ಟ್ರಾಂಬೆಯ ಭಾಭಾ ಅಣುಸಂಶೋಧನಾ ಕೇಂದ್ರದವರು.

2012ರ ಜುಲೈ 4ರಂದು ಹಿಗ್ಸ್ ಕಣವನ್ನು ಹೋಲುವ ಹೊಸ ಕಣ ದೊರೆತುದನ್ನು ಸಾರಿದಾಗ ಸರ್ನ್ ಮುಖ್ಯಸ್ಥ ರಾಲ್ಫ್ ಹೋಯರ್ ಯಂತ್ರ, ಪ್ರಯೋಗಗಳ ಜೊತೆಗೆ ಗ್ರಿಡ್ಡನ್ನೂ ಹೆಸರಿಸಿ ಸ್ಮರಿಸಿದರು.

ಹೊಲದ ಮುಯ್ಯಿಯಂತೆ ಇಲ್ಲಿಯೂ ಲೆಕ್ಕವುಂಟು. ಮುಂದಿನ ವರ್ಷ ಎಷ್ಟು ಯಂತ್ರಬಲ, ಎಷ್ಟು ಸಂಗ್ರಹಸ್ಥಳ ಕೊಡುವೆವೆಂದು ಪ್ರತಿ ದೇಶವೂ ಮುಂಗಡ ವಚನವೀಯುತ್ತದೆ, ಕೊಟ್ಟುದೆಷ್ಟೆಂಬುದೂ ದಾಖಲಾಗುತ್ತದೆ.